ಹ್ಯಾಂಬರ್ಗಿನವರ ಏಳು ಪೈಪು

ಜನವರಿ 4, 2024, ಗುರುವಾರ

ಸಹಕಾರಿ ಬ್ಯಾಂಕಿನವರು ಪ್ರತಿ ವರ್ಷ ಇವರಿಗೆ ಒಂದು ಡೈರಿ ಕೊಡುತ್ತಾರೆ. ಅದು ನೇರ ಶೆಡ್ಡಿಗೆ ಹೋಗಿ ಹೊಗೆಸೊಪ್ಪು ಸೇದುವ ಪೈಪುಗಳ ಚಿತ್ರ, ಅಳತೆ ಬರೆಯುವ ಪುಸ್ತಕವಾಗುತ್ತಿತ್ತು. ಈ ವರ್ಷ ಇವರ ಬಲಗೈ ಪೆನ್ನು ಹಿಡಿಯುವುದಿಲ್ಲ. ಡೈರಿ ನೀನು ಇಟ್ಟುಕೋ ಎಂದು ಯಾರೂ ಹೇಳಲಿಲ್ಲ. ನಾನೇ ತೆಗೆದುಕೊಂಡೆ.

ಅಕ್ಟೋಬರಿನಲ್ಲಿ ಒಂದು ಬೆಳಿಗ್ಗೆ ಇವರು ಮರ ಕಡೆಯುವ ಲೇತ್ ಮುಂದೆ ನಿಂತಲ್ಲೇ ಕುಸಿದರು. ಇಪ್ಪತ್ತೆರಡು ದಿನ ಆಸ್ಪತ್ರೆ. ಈಗ ಕೋಲು ಹಿಡಿದು ಬಲಗಾಲು ಎಳೆಯುತ್ತ ನಡೆಯುತ್ತಾರೆ. ಮಾತು ತೊದಲುತ್ತದೆ, ಆದರೆ ತಿಳಿಯುತ್ತದೆ. ಬಲಗೈ ಮಾತ್ರ ಮಡಿಲಲ್ಲಿ ಇಟ್ಟ ಹಾಗೆಯೇ ಇರುತ್ತದೆ.

ಇವತ್ತು ಶೆಡ್ಡಿಗೆ ಕರೆದು ಹ್ಯಾಂಬರ್ಗಿನ ಪೆಟ್ಟಿಗೆ ತೆರೆಯಲು ಹೇಳಿದರು. ಜರ್ಮನಿಯ ಒಬ್ಬ ಗಿರಾಕಿ ಪೈಪು ಮಾಡಿಸಲು ಕಳಿಸಿದ್ದು, ಸೆಪ್ಟೆಂಬರಿನಲ್ಲಿ ಬಂದದ್ದು. ಒಳಗೆ ಏಳು ಮರದ ತುಂಡು, ಒಂದೊಂದನ್ನೂ ಬೇರೆ ಬೇರೆ ಬಟ್ಟೆಯಲ್ಲಿ ಸುತ್ತಿದ್ದಾರೆ. ಬ್ರಯರ್ ಎಂಬ ಪೊದೆಯ ಬುಡದ ಗಡ್ಡೆ. ಬೆಂಕಿಗೆ ಸುಲಭದಲ್ಲಿ ಸುಡುವುದಿಲ್ಲ, ಅದಕ್ಕೇ ಪೈಪಿಗೆ ಇದೇ ಬೇಕು. ಹ್ಯಾಂಬರ್ಗಿನವರ ತಂದೆ ಮೂವತ್ತು ವರ್ಷ ಹಿಂದೆ ಕೊಂಡು ಒಣಗಲು ಇಟ್ಟ ತುಂಡುಗಳಂತೆ. ಸೇದಿದ ಪೈಪು ಆರಬೇಕು, ಹಾಗಾಗಿ ಅಲ್ಲಿಯ ದೊಡ್ಡವರು ವಾರದ ಏಳು ದಿನಕ್ಕೆ ಏಳು ಇಟ್ಟುಕೊಳ್ಳುತ್ತಾರೆ. ಇದು ಅಂಥ ಒಂದು ಸೆಟ್ಟು. ಮೇ ತಿಂಗಳಲ್ಲಿ ಅವರ ಪೈಪುಪ್ರಿಯರ ಸಂಘದ ಪ್ರದರ್ಶನದಲ್ಲಿ ಇಡಬೇಕು, ಏಪ್ರಿಲ್ ಮೊದಲ ವಾರ ಇಲ್ಲಿಂದ ಹೊರಡಬೇಕು. ಲೋಕದಲ್ಲಿ ಅಷ್ಟು ಜನ ಪೈಪು ಮಾಡುವವರಿರುವಾಗ ಅವರು ಆರಿಸಿದ್ದು ನೆಕ್ರಾಜೆಯ ಶರತ್ಚಂದ್ರ ಆಚಾರ್ಯರನ್ನು, ನಮ್ಮ ಇವರನ್ನು.

"ನೀನು ಮಾಡು," ಎಂದರು.

"ಎಂತ ಮಾಡುವುದು?"

"ಪೈಪು. ನಾನು ಹೇಳ್ತೇನೆ. ನೀನು ಕೈ ಆಡಿಸಿದ್ರೆ ಸಾಕು."

ಶಾರ್ಜಾದ ಫರ್ನಿಚರ್ ಕಾರ್ಖಾನೆಯಲ್ಲಿ ಒಬ್ಬ ಇಂಗ್ಲಿಷಿನವನಿಂದ ಇದನ್ನು ಕಲಿತು ಬಂದು ಇವರಿಗೆ ಹದಿನೆಂಟು ವರ್ಷವಾಯಿತು. ಅಷ್ಟು ವರ್ಷವೂ ಉಜ್ಜುವುದು, ಮೇಣ ಹಚ್ಚುವುದು, ಹೊಳಪು ಬರಿಸುವುದು ನನ್ನ ಕೆಲಸ. ಲೇತ್ ಮುಟ್ಟಲು ಬಿಟ್ಟವರಲ್ಲ. ಹೆಂಗಸರ ಕೈಯಲ್ಲಿ ಕೊರೆಯುವ ಮೊನೆ ನಡುಗುತ್ತದೆ ಎನ್ನುತ್ತಿದ್ದರು. ಉಜ್ಜಿದ್ದನ್ನು ಹೆಬ್ಬೆರಳಲ್ಲಿ ಸವರಿ ನೋಡಿ ಮಾತಿಲ್ಲದೆ ವಾಪಸು ಕೊಡುವರು. ಮತ್ತೆ ಉಜ್ಜಬೇಕು.

"ವಿಘ್ನೇಶನಿಗೆ ಹೇಳುವುದಾ?" ಎಂದೆ. ಇವರ ಪೈಪು ಹೊರದೇಶಕ್ಕೆ ಮಾರಿಸಿಕೊಡುವ ಮಂಗಳೂರಿನ ಹುಡುಗ ಅವನು.

"ಯಾರಿಗೂ ಬೇಡ. ಕೇಳಿದ್ದು ಶರತ್ಚಂದ್ರನ ಪೈಪು. ಹೆಂಡತಿ ಮಾಡಿದ್ದು ಅಂತ ಗೊತ್ತಾದ್ರೆ ಮರ ವಾಪಸು ಕೇಳ್ತಾರೆ."

ಆಯಿತು ಎಂದೆ.

ಜನವರಿ 9, ಮಂಗಳವಾರ

ಐದು ದಿನದಿಂದ ಹಲಸಿನ ತುಂಡಿನಲ್ಲಿ ಕೊರೆದು ಕಲಿಯುತ್ತಿದ್ದೇನೆ. ಒಂದು ಪೈಪಿಗೆ ಮೂರು ತೂತು. ಬಾಯಿಗೆ ಇಡುವ ತುಂಡು ಕೂರಲು ಒಂದು, ಹೊಗೆ ಬರಲು ಸಪೂರದ್ದು ಒಂದು, ಹೊಗೆಸೊಪ್ಪು ತುಂಬುವ ಬಟ್ಟಲಿಗೆ ದೊಡ್ಡದು ಒಂದು. ಸಪೂರ ತೂತು ಬಟ್ಟಲಿನ ತಳಕ್ಕೆ ಸರಿಯಾಗಿ ಬಂದು ತೆರೆದುಕೊಳ್ಳಬೇಕು. ಮೇಲಾದರೆ ತಳದಲ್ಲಿ ನೀರು ನಿಲ್ಲುತ್ತದೆ, ಕೆಳಗಾದರೆ ಪೈಪೇ ಹೋಯಿತು.

ಕಿಟಕಿಯ ಹತ್ತಿರ ಬೆಳಕು ಚೆನ್ನಾಗಿರುವಲ್ಲಿ ಇವರ ಕುರ್ಚಿ ಇಟ್ಟಿದ್ದೇನೆ. ಅಲ್ಲಿಂದ ಹೇಳುತ್ತಾರೆ. ಇವತ್ತು ನನ್ನ ತೂತು ಅರ್ಧ ನೂಲು, ಒಂದು ಎಳ್ಳಿನಷ್ಟು, ಮೇಲೆ ಹೋಯಿತು.

"ಅಡುಗೆಮನೆಗೆ ಹೋಗು," ಎಂದರು.

ಹೋದೆ. ಒಂದು ತೆಂಗಿನಕಾಯಿ ತುರಿದೆ. ಇಪ್ಪತ್ತು ನಿಮಿಷ ಬಿಟ್ಟು ವಾಪಸು ಬಂದರೆ ಹಾಗೆಯೇ ಕೂತಿದ್ದಾರೆ. ಕೋಲು ಕೆಳಗೆ ಬಿದ್ದಿತ್ತು, ಒಬ್ಬರೇ ಏಳಲು ಆಗುವುದಿಲ್ಲ. ಕೋಲು ಎತ್ತಿಕೊಟ್ಟು ಇನ್ನೊಂದು ತುಂಡು ಲೇತಿಗೆ ಕಟ್ಟಿದೆ.

ಎಂಟು ಗಂಟೆಗೆ ಮೂರು ಮಾತ್ರೆ. ಕಾಲಿಗೆ ಎಣ್ಣೆ ಹಾಕಿ ತಿಕ್ಕಿದೆ. ಬಲಪಾದ ಸ್ವಲ್ಪ ತಣ್ಣಗಿದೆ, ನಾಳೆ ಕಾಲುಚೀಲ ಹಾಕಬೇಕು.

ಜನವರಿ 17, ಬುಧವಾರ

ಪೆಟ್ಟಿಗೆಯ ಮೊದಲನೆಯ ತುಂಡು. ಹಲಸಿನ ಹಾಗಲ್ಲ, ಕಲ್ಲಿನ ಹಾಗೆ ಗಟ್ಟಿ. ಮೊನೆ ಒಳಗೆ ಹೋಗುವಾಗ ನಸುಗೆಂಪು ಪುಡಿ ಬರುತ್ತದೆ, ಹುರಿದ ಧಾನ್ಯದ ಪರಿಮಳ. ಪ್ರತಿಯೊಂದಕ್ಕೂ ಕೇಳಿದೆ. ಇಷ್ಟು ಸಾಕಾ, ಈಗ ನಿಲ್ಲಿಸುವುದಾ, ಇನ್ನೊಮ್ಮೆ ಅಳೆಯುವುದಾ. ಕೊರೆದಾದ ಮೇಲೆ ಬತ್ತಿಯಂಥ ತಂತಿ ಹಾಯಿಸಿ ನೋಡಿದರೆ ಸರಿಯಾಗಿ ತಳದಲ್ಲೇ ಮೂತಿ ತೋರಿಸಿತು.

ಇವರು ಕಿರುಬೆರಳು ಇಳಿಸಿ ನೋಡಿ "ಹ್ಞೂಂ" ಎಂದರು.

ಇಷ್ಟು ಸಂತೋಷ ಆದದ್ದು ಯಾಕೆಂದು ನನಗೇ ನಾಚಿಕೆಯಾಯಿತು. ನಲವತ್ತೊಂಬತ್ತು ವರ್ಷದ ಹೆಂಗಸು ಒಂದು ಹ್ಞೂಂಕಾರಕ್ಕೆ.

ಜನವರಿ 29, ಸೋಮವಾರ

ಮೊದಲ ಪೈಪು ಮುಗಿಯಿತು. ಬಟ್ಟಲಿನಿಂದ ಚಾಚಿದ ಹಿಡಿಕೆಗೆ ದಂಡು ಎನ್ನುವುದು, ಅದರ ಮೇಲೆ ಇವರ ಹೆಸರಿನ ಮೊಹರು ಒತ್ತಬೇಕು. ಅದನ್ನು ಮಾತ್ರ ತಾನೇ ಮಾಡುತ್ತೇನೆ ಎಂದರು. ನಾನು ಮೊಹರು ಹಿಡಿದೆ, ಇವರು ಎಡಗೈಯಲ್ಲಿ ಸುತ್ತಿಗೆ ಬೀಸಿದರು. ಅಕ್ಷರ ವಾಲಿತು, ಅರ್ಧ ಮೂಡಲಿಲ್ಲ. ಮಧ್ಯಾಹ್ನ ಇವರು ಮಲಗಿದ್ದಾಗ ಅದನ್ನು ಉಜ್ಜಿ ತೆಗೆದು ನಾನೇ ಇನ್ನೊಮ್ಮೆ ಹೊಡೆದೆ. ಸಂಜೆ ತೋರಿಸಿದೆ. ಬಹಳ ಹೊತ್ತು ನೋಡಿ, "ಪೆಟ್ಟು ಇನ್ನೂ ಕೈ ಬಿಟ್ಟು ಹೋಗಿಲ್ಲ," ಎಂದರು. ನಾನು ಪೈಪನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟೆ.

ಫೆಬ್ರವರಿ 2, ಶುಕ್ರವಾರ

ಎರಡನೆಯದರಲ್ಲಿ ಬಟ್ಟಲಿನ ಹೊರಮೈ ಅರೆಯುತ್ತಿರುವಾಗ ಒಂದು ಕಪ್ಪು ಹೊಂಡ ಕಂಡಿತು. ಬೇರು ಬೆಳೆಯುವಾಗ ಕಲ್ಲು ಸಿಕ್ಕಿಕೊಂಡ ಜಾಗ. ಅರೆದಷ್ಟೂ ದೊಡ್ಡದಾಯಿತು.

"ಬಿಸಾಡು," ಎಂದರು.

"ಇರುವುದು ಏಳೇ."

"ಗೊತ್ತುಂಟು ನನಗೆ. ಬಿಸಾಡು."

ಬಿಸಾಡಲಿಲ್ಲ. ಬಟ್ಟಲಿನ ಎತ್ತರ ಇಳಿಸಿ, ಹೊಟ್ಟೆ ಅಗಲ ಮಾಡಿ, ಹೊಂಡ ಇದ್ದ ಕಡೆಯನ್ನು ಪೂರಾ ತೆಗೆದೆ. ಇವರು ಬರೆದ ಚಿತ್ರದ ಹಾಗೆ ಬರಲಿಲ್ಲ. ಹಳೆಯ ಹಿತ್ತಾಳೆ ತಂಬಿಗೆಯ ಹಾಗೆ ಗಿಡ್ಡವಾಗಿ ಚಂದ ಕೂತಿದೆ. ಎರಡು ದಿನ ನನ್ನ ಹತ್ತಿರ ಮಾತಿಲ್ಲ. ಇವತ್ತು ಊಟಕ್ಕೆ ಕೂತಾಗ, "ಹಾಗೇ ಮಾಡು ಅಂತ ನಾನೇ ಹೇಳಬೇಕು ಅಂತಿದ್ದೆ," ಎಂದರು.

ಅಮ್ಮಣಿ ಅತ್ತಿಗೆ, ಇವರ ಅಕ್ಕ, ಗಂಡ ತೀರಿಕೊಂಡ ಮೇಲೆ ನಮ್ಮ ಜೊತೆಯಲ್ಲೇ ಇರುವವರು, ಅನ್ನ ಬಡಿಸುತ್ತ ನನ್ನ ಮುಖ ನೋಡಿದರು. ನಾನು ಇನ್ನೂ ಸ್ವಲ್ಪ ಸಾರು ಕೇಳಿದೆ.

ಫೆಬ್ರವರಿ 11, ಆದಿತ್ಯವಾರ

ವಿಘ್ನೇಶ ಕ್ಯಾಮರಾ ತೆಗೆದುಕೊಂಡು ಬಂದ. ಪ್ರದರ್ಶನದಲ್ಲಿ ತೋರಿಸಲು ವಿಡಿಯೋ ಬೇಕಂತೆ. ಕಾಯಿಲೆಯ ವಿಷಯ ಅವನಿಗೆ ತಿಳಿಸಿರಲಿಲ್ಲ. ಕೋಲು ನೋಡಿ ಗಾಬರಿಯಾದ.

"ಎಂತ ಆಚಾರ್ರೇ ಇದು?"

"ಸೊಂಟ ಸ್ವಲ್ಪ ಉಳುಕಿದ್ದು ಮಾರಾಯ. ಹಲ್ಲಿಗೂ ಮೊನ್ನೆ ಮದ್ದು ಮಾಡಿಸಿದ್ದೇನೆ, ಮಾತು ಸರಿ ಬರುವುದಿಲ್ಲ."

ಅವನು ನಂಬಿದನೋ, ನಂಬುವುದು ಸುಲಭವೆಂದು ನಂಬಿದನೋ. ಇವರನ್ನು ಲೇತ್ ಮುಂದೆ ಸ್ಟೂಲಿನಲ್ಲಿ ಕೂರಿಸಿದ. ಬಲಗೈಯನ್ನು ನಾನೇ ಎತ್ತಿ ಲೇತಿನ ಪಟ್ಟಿಯ ಮೇಲೆ ಇಟ್ಟೆ, ನೋಡುವವರಿಗೆ ಮರ ಹಿಡಿದ ಹಾಗೆ. ಮುಗಿದ ಮೂರು ಪೈಪು ಎದುರಿಗೆ. ನಾನು ಪಕ್ಕದಲ್ಲಿ ನಿಂತಿದ್ದೆ. ಮೂರನೆಯದರ ಪುಡಿ ಇನ್ನೂ ನನ್ನ ತೋಳಿನ ರೋಮದಲ್ಲಿತ್ತು.

"ಅಕ್ಕ, ನೀವು ಸ್ವಲ್ಪ ಆಚೆ ನಿಲ್ಲಿ. ಫ್ರೇಮಿನಲ್ಲಿ ಬರ್ತೀರಿ."

ಆಚೆ ನಿಂತೆ. ವಿಘ್ನೇಶ ಕೇಳಿದ, ಈ ಗಿಡ್ಡ ಪೈಪಿನ ಆಕಾರ ಹೇಗೆ ಹೊಳೆಯಿತು ಎಂದು. ಇವರು ಹೇಳಿದರು, ನಿಧಾನವಾಗಿ, ಒಂದೊಂದೇ ಶಬ್ದ ಆರಿಸಿ. ಮರದಲ್ಲಿ ಹೊಂಡ ಇತ್ತು. ಬೇರೆಯವರಾದರೆ ಬಿಸಾಡುತ್ತಿದ್ದರು. ನನ್ನ ಕೈಗೆ ಅದು ದಾರಿ ಹೇಳಿತು.

"ಒಬ್ಬರೇ ಮಾಡುವುದಾ ಎಲ್ಲ?"

"ಒಬ್ಬನೇ," ಎಂದರು. ನನ್ನ ಕಡೆ ನೋಡಲಿಲ್ಲ.

ನಾನು ಒಳಗೆ ಹೋಗಿ ಚಹಾ ಮಾಡಿದೆ. ವಿಘ್ನೇಶ ಎರಡು ಲೋಟ ಕುಡಿದು, ಅಕ್ಕನ ಚಹಾ ಬೇರೆ ಎಲ್ಲಿಯೂ ಸಿಗುವುದಿಲ್ಲ ಎಂದ.

ಫೆಬ್ರವರಿ 12, ಸೋಮವಾರ

ಬರೆಯಲು ಏನೂ ಇಲ್ಲ. ನಾಲ್ಕನೆಯ ತುಂಡು ಕೊರೆದೆ. ಯಾರನ್ನೂ ಕೇಳಲಿಲ್ಲ.

ಫೆಬ್ರವರಿ 27, ಮಂಗಳವಾರ

ಶುಕ್ರವಾರ ಶುಕ್ರವಾರ ಇವರು ಕಾಸರಗೋಡಿಗೆ ಥೆರಪಿಗೆ ಹೋಗುತ್ತಾರೆ. ಮೊದಲು ನಾನು ಹೋಗುತ್ತಿದ್ದೆ, ಈಗ ಅತ್ತಿಗೆ ಹೋಗುತ್ತಾರೆ. ನನಗೆ ಕೆಲಸ ಉಂಟು. ಅಲ್ಲಿ ಮೋಕ್ಷಿತಾ ಎಂಬ ಹುಡುಗಿ ವ್ಯಾಯಾಮ ಮಾಡಿಸುವುದು. ಬಲಗೈ ಬರುವುದು ತಡ, ಅಷ್ಟರವರೆಗೆ ಎಡಗೈಗೆ ಕಲಿಸಿ ಎಂದಳಂತೆ. ಬರೆಯಲು ಕೊಡುತ್ತಾಳಂತೆ, ಪತ್ರ ಗಿತ್ರ. ಅತ್ತಿಗೆ ಹೊರಗೆ ಬೆಂಚಿನಲ್ಲಿ ಎಲೆಅಡಿಕೆ ಹಾಕಿಕೊಂಡು ಕೂತಿರುವುದರಿಂದ ಅವರಿಗೂ ಹೆಚ್ಚು ಗೊತ್ತಿಲ್ಲ.

ಇವರು ಈಗ ಹಲಸಿನ ತುಂಡು, ಅರ, ಒಂದು ಕೈಯಲ್ಲಿ ತಿರುಗಿಸುವ ಹಳೆಯ ಬೈರಿಗೆ ಇಟ್ಟುಕೊಂಡು ಎಡಗೈಯಲ್ಲಿ ಕೆರೆಯುತ್ತಾರೆ. ತುಂಡನ್ನು ತೊಡೆಗಳ ನಡುವೆ ಸಿಕ್ಕಿಸಿ ಹಿಡಿಯುವುದು. ಬೆಳಿಗ್ಗೆಯಿಂದ ಕರಕರ. ಕಿಟಕಿಯ ಬೆಳಕಿಗೆ ಅಡ್ಡವಾಗುತ್ತದೆಂದು ಕುರ್ಚಿಯನ್ನು ಜಗಲಿಯಲ್ಲಿ ಹಾಕಿಸಿದೆ. ಜಗಲಿಯಲ್ಲಿ ಗಾಳಿಯೂ ಉಂಟು.

ಮಾರ್ಚ್ 10, ಆದಿತ್ಯವಾರ

ಐದು ಮುಗಿದವು. ಆರನೆಯದರ ಆಕಾರ ಬಂದಿದೆ. ಇವರ ಚಿತ್ರದ ಪುಸ್ತಕ ನೋಡುವುದು ನಿಲ್ಲಿಸಿದ್ದೇನೆ. ತುಂಡನ್ನು ನೀರಿನಲ್ಲಿ ಅದ್ದಿ ಎತ್ತಿದರೆ ಎಳೆಗಳು ಎದ್ದು ಕಾಣುತ್ತವೆ, ಎಳೆ ಹೋದ ದಾರಿಗೆ ದಂಡು, ಎಳೆ ಒಟ್ಟಾದ ಕಡೆ ಬಟ್ಟಲು. ಇಷ್ಟೇ. ಇದನ್ನು ಹದಿನೆಂಟು ವರ್ಷ ದೊಡ್ಡ ಗುಟ್ಟಿನ ಹಾಗೆ ಇಟ್ಟುಕೊಂಡಿದ್ದರು.

ಬಾಯಿತುಂಡು ಮಾಡುವ ಕಪ್ಪು ರಬ್ಬರು ಅರೆದರೆ ಗಂಧಕದ ನಾತ. ಕೈ ತೊಳೆದರೂ ಹೋಗುವುದಿಲ್ಲ. ಅತ್ತಿಗೆ ನಾನು ಕಲಸಿದ ಹಿಟ್ಟು ಬೇಡವೆಂದು ಈಗ ದೋಸೆ ಅವರೇ ಮಾಡುತ್ತಾರೆ. ಒಳ್ಳೆಯದಾಯಿತು.

ಅತ್ತಿಗೆಗೆ ಬೇಜಾರಾಗದಿರಲಿ ಎಂದು ಆರನೆಯ ಪೈಪನ್ನು ಉಜ್ಜಲು ಕೊಟ್ಟಿದ್ದೆ. ಮಧ್ಯಾಹ್ನ ತಂದು ಕೊಟ್ಟರು. ದಂಡಿನ ಕೆಳಗೆ ಗೆರೆ ಉಳಿದಿತ್ತು. ಹೆಬ್ಬೆರಳಲ್ಲಿ ಸವರಿ ವಾಪಸು ಕೊಟ್ಟೆ.

"ಎಂತ ಆಯ್ತು, ಬಾಯಲ್ಲಿ ಹೇಳ್ಲಿಕ್ಕೆ ಆಗುದಿಲ್ವ?" ಎಂದರು.

ಇದರಲ್ಲಿ ಹೇಳಲು ಏನುಂಟು, ಕೈಗೆ ಗೊತ್ತಾಗಬೇಕು. ಅವರು ಪೈಪನ್ನು ಮೇಜಿನ ಮೇಲೆ ಇಟ್ಟು ಹೋದರು. ಮತ್ತೆ ಆ ಕಡೆ ಬರಲಿಲ್ಲ. ವಯಸ್ಸಾದ ಹಾಗೆ ಜನಕ್ಕೆ ಸಿಟ್ಟು ಬೇಗ.

ಇವರಿಗೆ ಮಾತ್ರೆ ಅತ್ತಿಗೆ ಕೊಟ್ಟಿರಬೇಕು.

ಮಾರ್ಚ್ 19, ಮಂಗಳವಾರ

ಇವರು ಜಗಲಿಯಿಂದ ಕೋಲು ಊರಿಕೊಂಡು ಶೆಡ್ಡಿಗೆ ಬಂದರು. ಅಂಗಿಯ ಕಿಸೆಯಿಂದ ಹಲಸಿನ ಪೈಪು ತೆಗೆದು ಮೇಜಿನ ಮೇಲೆ ಇಟ್ಟರು. ಎಡಗೈಯಲ್ಲಿ ಮಾಡಿದ ಮೂರನೆಯದು. ಮೊದಲಿನ ಎರಡು ಒಡೆದು ಹೋದವು.

ಎತ್ತಿ ನೋಡಿದೆ. ತಂತಿ ಹಾಯಿತು, ತಳಕ್ಕೇ ಬಂತು. ಆದರೆ ಬಟ್ಟಲಿನ ಗೋಡೆ ಒಂದು ಕಡೆ ದಪ್ಪ, ಒಂದು ಕಡೆ ತೆಳು.

"ಇದನ್ನು ಸೇದಿದ್ರೆ ಒಂದೇ ವಾರದಲ್ಲಿ ಈ ಕಡೆ ಸುಟ್ಟು ತೂತಾಗ್ತದೆ," ಎಂದೆ.

"ಗೊತ್ತುಂಟು. ಏಳನೆಯದನ್ನು ನನಗೆ ಬಿಡು."

"ಬ್ರಯರಾ?"

"ಹೌದು. ನೀನು ಕೊರೆದು ಕೊಡುವುದೂ ಬೇಡ. ನಾನೇ ಮಾಡ್ತೇನೆ."

"ಮೂವತ್ತು ವರ್ಷ ಒಣಗಿದ ಮರ ಅದು. ಕಲಿಯುವುದಕ್ಕೆ ಇರುವುದಲ್ಲ."

ಹೇಳುವಾಗ ನನ್ನ ಕೈಯಲ್ಲಿ ಆರನೆಯದು ಇತ್ತು, ಚಕ್ರಕ್ಕೆ ಹಿಡಿದು ಹೊಳಪು ಕೊಡುತ್ತಿದ್ದೆ. ಚಕ್ರ ನಿಲ್ಲಿಸಲಿಲ್ಲ, ಹಾಗಾಗಿ ಇವರು ಎರಡು ಸಲ ಹೇಳಬೇಕಾಯಿತು.

"ವಸು, ಒಬ್ಬರಿಗೆ ಮಾತು ಕೊಟ್ಟಿದ್ದೇನೆ."

"ಯಾರಿಗೆ?"

"ಮೊದಲು ಆಗಲಿ. ಮತ್ತೆ ಹೇಳ್ತೇನೆ."

ಯಾರಿಗೆ ಎಂದು ನನಗೆ ತಿಳಿಯದೇ? ವಿಘ್ನೇಶ ಇನ್ನೊಂದು ವಿಡಿಯೋ ಮಾಡಬೇಕು ಎನ್ನುತ್ತಿದ್ದ. ಕೊನೆಯದನ್ನು ನಾಲ್ಕು ಸಲ ಅರದಲ್ಲಿ ತೀಡಿ, ಏಳೂ ನನ್ನದು ಎಂದು ಕ್ಯಾಮರಾಕ್ಕೆ ಹೇಳಲು. ನೋಡುವ ಎಂದೆ. ಇವರು ಹಲಸಿನ ಪೈಪು ಕಿಸೆಗೆ ಹಾಕಿಕೊಂಡು ಹೋದರು.

ಮಾರ್ಚ್ 22, ಶುಕ್ರವಾರ

ಒಂಬತ್ತಕ್ಕೆ ಇವರೂ ಅತ್ತಿಗೆಯೂ ಆಟೋ ಹತ್ತಿದರು. ಒಂಬತ್ತೂಕಾಲಿಗೆ ಏಳನೆಯ ತುಂಡನ್ನು ಲೇತಿಗೆ ಕಟ್ಟಿದೆ.

ಇಂಥ ಮರ ಉಳಿದ ಆರರಲ್ಲಿ ಇರಲಿಲ್ಲ. ಒಂದು ಹೊಂಡವಿಲ್ಲ, ಒಂದು ಕಲೆಯಿಲ್ಲ. ಎಳೆಗಳು ಬಾಚಿದ ಕೂದಲಿನ ಹಾಗೆ ಬುಡದಿಂದ ಮೇಲಕ್ಕೆ. ಚಿತ್ರ ಬರೆಯಲಿಲ್ಲ, ಅಳತೆ ಗುರುತಿಸಿದ್ದು ಎರಡೇ ಕಡೆ. ಹನ್ನೊಂದಕ್ಕೆ ಕರೆಂಟು ಹೋಯಿತು, ಅಷ್ಟರಲ್ಲಿ ಕೊರೆಯುವುದು ಆಗಿತ್ತು. ಅರ ಹಿಡಿದು ಕೂತೆ. ಊಟ ನೆನಪಾಗಲಿಲ್ಲ. ದಂಡನ್ನು ಸ್ವಲ್ಪ, ಒಂದು ಅಕ್ಕಿಕಾಳಿನಷ್ಟು, ಎಡಕ್ಕೆ ಬಾಗಿಸಿದೆ. ಯಾಕೆಂದು ಕೇಳಿದರೆ ಗೊತ್ತಿಲ್ಲ. ಎಳೆ ಹಾಗೆ ಹೋಗಿತ್ತು.

ಮೂರು ಗಂಟೆಗೆ ಆಟೋ ಬಂದ ಶಬ್ದ. ಇವರು ಮನೆಯೊಳಗೆ ಹೋಗದೆ ನೇರ ಶೆಡ್ಡಿಗೆ ಬಂದರು. ಬಾಗಿಲಲ್ಲಿ ನಿಂತು ನನ್ನ ಕೈ ನೋಡಿದರು. ಮತ್ತೆ ಮೇಜಿನ ಮೇಲೆ ಖಾಲಿ ಬಿದ್ದ ಬಟ್ಟೆ ನೋಡಿದರು.

"ಆಯ್ತಾ?"

"ಆಯ್ತು. ಉಜ್ಜಲಿಕ್ಕೆ ಉಂಟು."

ಬೈಯುತ್ತಾರೆಂದು ಎಣಿಸಿ ಉತ್ತರ ಸಿದ್ಧ ಮಾಡಿಟ್ಟುಕೊಂಡಿದ್ದೆ. ಫೆಬ್ರವರಿ ಹನ್ನೊಂದರಿಂದ ಇಟ್ಟುಕೊಂಡಿದ್ದು. ಅದಕ್ಕೆ ಅವಕಾಶವೇ ಕೊಡಲಿಲ್ಲ. ಕೋಲು ತಿರುಗಿಸಿಕೊಂಡು ಹೋದರು.

ಅತ್ತಿಗೆ ಅಂಗಳದಿಂದಲೇ ಹೇಳಿದರು, "ಇವತ್ತು ಶುರು ಮಾಡ್ತೇನೆ ಅಂತ ಇಡೀ ದಾರಿ ಆಟೋದಲ್ಲಿ ಆ ಎಡಗೈ ಬೆರಳು ಮಡಚಿ ಬಿಡಿಸಿ, ಮಡಚಿ ಬಿಡಿಸಿ ಬಂದ."

ನನಗೆ ಯಾಕೆ ಹೇಳುವುದು ಇದನ್ನು. ಕೆಟ್ಟಿದ್ದರೆ ಯಾರು ಉತ್ತರ ಕೊಡುವುದು ಹ್ಯಾಂಬರ್ಗಿಗೆ.

ಪೈಪು ಚಂದ ಆಗಿದೆ. ಏಳರಲ್ಲಿ ಇದರಷ್ಟು ಚಂದ ಬೇರೆ ಇಲ್ಲ.

ಮಾರ್ಚ್ 25, ಸೋಮವಾರ

ಜಗಲಿಯಲ್ಲಿ ಕರಕರ ಇಲ್ಲ. ಕೆಲಸ ಸರಾಗವಾಗಿ ಹೋಗುತ್ತದೆ. ಇವರು ಎಡಗೈಯಲ್ಲಿ ಮಾಡಿದ್ದನ್ನು, ಒಡೆದ ಎರಡನ್ನೂ ಸೇರಿಸಿ, ಬಚ್ಚಲ ಒಲೆಗೆ ಹಾಕಲು ಅತ್ತಿಗೆಗೆ ಕೊಟ್ಟರಂತೆ. ಹಲಸು ಚೆನ್ನಾಗಿ ಉರಿಯುತ್ತದೆ. ನೀರು ಬೇಗ ಕಾದಿತ್ತು.

ಮಾರ್ಚ್ 30, ಶನಿವಾರ

ನಿನ್ನೆ ಇವರು ಥೆರಪಿಗೆ ಹೋಗಲಿಲ್ಲ. ಮೋಕ್ಷಿತಾ ಫೋನು ಮಾಡಿ ಅಂಕಲಿಗೆ ಹುಷಾರಿಲ್ಲವಾ ಎಂದು ಕೇಳಿದಳು. ಮನಸ್ಸಿಲ್ಲವಂತೆ ಎಂದೆ.

ಇವತ್ತು ಬೆಳಿಗ್ಗೆ ವಿಘ್ನೇಶನ ಫೋನು. ಯಾವಾಗಲೂ ಆಚಾರ್ರಿಗೆ ಕೊಡಿ ಎನ್ನುವವನು ಇವತ್ತು, "ಅಕ್ಕ, ನಿಮ್ಮ ಹತ್ತಿರವೇ ಮಾತಾಡ್ಲಿಕ್ಕೆ ಉಂಟು," ಎಂದ.

"ಎಂತ?"

"ನನ್ನನ್ನು ಕ್ಷಮಿಸಬೇಕು ಅಕ್ಕ. ಆ ದಿವಸ ನಿಮ್ಮನ್ನು ಆಚೆ ನಿಲ್ಲಿ ಅಂತ ಹೇಳಿದ್ದೆ. ನನಗೆ ಗೊತ್ತಿರ್ಲಿಲ್ಲ. ನಿನ್ನೆ ಹ್ಯಾಂಬರ್ಗಿನವರೇ ಹೇಳಿದ್ದು."

"ಅವರಿಗೆ ಹೇಳಿದ್ದು ಯಾರು?"

"ಆಚಾರ್ರು. ಪತ್ರ ಬರೆದಿದ್ದಾರೆ. ನಿಮಗೆ ಗೊತ್ತಿಲ್ವ?"

ಪತ್ರದ ಫೋಟೋ ಫೋನಿಗೆ ಕಳಿಸಿದ. ಮೋಕ್ಷಿತಾ ಬರೆಯಲು ಕೊಟ್ಟಾಗ ಬರೆದದ್ದು, ಅವಳೇ ಫೋಟೋ ತೆಗೆದು ಮೇಲ್ ಮಾಡಿದ್ದಾಳೆ. ಮೇಲೆ ತಾರೀಕು ಮಾರ್ಚ್ 1. ಶಾರ್ಜಾದ ಇಂಗ್ಲಿಷು, ಗೆರೆ ಬಿಟ್ಟು ಇಳಿಯುವ ಅಕ್ಷರ, ಒಂದನೆಯ ತರಗತಿಯ ಮಕ್ಕಳ ಹಾಗೆ. ನಾಲ್ಕೇ ಸಾಲು. ನನಗೆ ಅರ್ಥವಾದಷ್ಟು ಹೀಗೆ:

ನನ್ನ ಬಲಗೈ ಹೋಗಿದೆ. ವಿಡಿಯೋದಲ್ಲಿ ನಾನು ಹೇಳಿದ್ದು ಸುಳ್ಳು. ಆರು ಪೈಪು ನನ್ನ ಹೆಂಡತಿ ವಸುಮತಿಯದು, ಅವಳ ಹೆಸರು ಹಾಕಿ. ಏಳನೆಯದನ್ನು ನಾನು ಎಡಗೈಯಲ್ಲಿ ಮಾಡಿ ಕಳಿಸುತ್ತೇನೆ, ಚೆನ್ನಾಗಿ ಆಗದಿದ್ದರೂ ಇಟ್ಟುಕೊಳ್ಳಿ.

ಅವರು ಒಪ್ಪಿದ್ದಾರೆ. ಎರಡು ಚೀಟಿ ಮಾಡಿಸುತ್ತಾರಂತೆ, ಆರಕ್ಕೆ ನನ್ನ ಹೆಸರು, ಒಂದಕ್ಕೆ ಇವರ ಹೆಸರು. ಎಡಗೈಯ ಪೈಪಿಗಾಗಿಯೇ ಹೆಚ್ಚು ಕಾಯುತ್ತಿದ್ದಾರಂತೆ.

"ಏಳನೆಯದು ಆಯ್ತಾ ಅಕ್ಕ?"

"ಆಯ್ತು."

"ಆಚಾರ್ರೇ ಮಾಡಿದ್ದಲ್ವ?"

"ಹೌದು," ಎಂದೆ.

ಹೇಳಲು ಹೊತ್ತು ಬೇಕಾಗಲಿಲ್ಲ. ಇನ್ನೇನು ಹೇಳುವುದು. ಎಂಟನೆಯ ತುಂಡು ಇಲ್ಲ. ಹಲಸಿನದೂ ಇಲ್ಲ. ಇವರೂ ಮೊದಲೇ ಹೇಳಬಹುದಿತ್ತು. ಮಾತು ಕೊಟ್ಟಿದ್ದೇನೆ ಎಂದರೆ ಯಾರಿಗೆಂದು ನಾನು ಹೇಗೆ ತಿಳಿಯಲಿ. ಚಕ್ರ ತಿರುಗುತ್ತಿತ್ತು.

ಮಾರ್ಚ್ 31, ಆದಿತ್ಯವಾರ

ಪತ್ರದ ವಿಷಯ ಕೇಳೋಣವೆಂದು ಎರಡು ಸಲ ಕೋಣೆಗೆ ಹೋದೆ. ಗೋಡೆಯ ಕಡೆ ತಿರುಗಿ ಮಲಗಿದ್ದರು. ಕಣ್ಣು ತೆರೆದೇ ಇತ್ತು. ನೀರು ಬೇಕಾ ಎಂದು ಕೇಳಿ ಬಂದೆ.

ಏಪ್ರಿಲ್ 3, ಬುಧವಾರ

ಪೆಟ್ಟಿಗೆ ಕಟ್ಟುವ ಮೊದಲು ಏಳನೆಯದಕ್ಕೆ ಮೊಹರು ಒತ್ತಲು ಇತ್ತು. ಸುತ್ತಿಗೆ, ಮೊಹರು, ಪೈಪು ತೆಗೆದುಕೊಂಡು ಇವರ ಹತ್ತಿರ ಹೋದೆ. ಕೊನೆಯದಕ್ಕಾದರೂ ಇವರೇ ಹೊಡೆಯಲಿ ಎಂದು.

ಪೈಪು ಕೈಯಲ್ಲಿ ತೆಗೆದುಕೊಂಡರು. ತಿರುಗಿಸಿ ನೋಡಿದರು. ಕಿರುಬೆರಳು ಇಳಿಸಲಿಲ್ಲ.

"ನೀನೇ ಹೊಡಿ. ನಿನ್ನ ಪೆಟ್ಟು ನೆಟ್ಟಗೆ ಬೀಳ್ತದೆ."

ಜನವರಿಯ ಆ ಒಂದನೆಯ ಪೈಪಿನ ವಿಷಯ ಇವರಿಗೆ ಗೊತ್ತಿತ್ತು ಎಂದು ಆಗ ತಿಳಿಯಿತು.

ನಾನೇ ಹೊಡೆದೆ. ಕಂಪ್ಯೂಟರಿನ ಕೆಲಸ ಮಾಡಿಕೊಡುವ ಅಕ್ಷಯ ಕೇಂದ್ರಕ್ಕೆ ಹೋಗಿ ಕೊರಿಯರಿನ ಕಾಗದ ಪ್ರಿಂಟು ತೆಗೆಸಿದೆ. ಏಳರಲ್ಲಿ ಇವರದು ಯಾವುದೆಂದು ವಿಘ್ನೇಶ ಗುರುತು ಹಾಕಲು ಹೇಳಿದ್ದ. ದಂಡು ಎಡಕ್ಕೆ ಬಾಗಿದ್ದು ಎಂದು ಇಂಗ್ಲಿಷಿನಲ್ಲಿ ಚೀಟಿ ಬರೆದು ಸುತ್ತಿ ಇಟ್ಟೆ.

ಜೂನ್ 8, ಶನಿವಾರ

ಎರಡು ತಿಂಗಳು ಇದರಲ್ಲಿ ಬರೆಯಲಿಲ್ಲ. ಕೆಲಸ ಇತ್ತು. ಹ್ಯಾಂಬರ್ಗಿನವರ ಸಂಘದವರೇ ಇಬ್ಬರು ನನ್ನ ಹೆಸರಿನಲ್ಲಿ ಪೈಪು ಕೇಳಿದ್ದಾರೆ. ನನ್ನ ಮೊಹರು ಮಂಗಳೂರಿನಲ್ಲಿ ಮಾಡಿಸಿದ್ದು ಮೊನ್ನೆ ಬಂತು. ಇವರು ಥೆರಪಿ ಬಿಟ್ಟೇ ಬಿಟ್ಟರು. ಬಲಗೈ ಬೆರಳು ಸ್ವಲ್ಪ ಒಳಗೆ ಮಡಚಿಕೊಂಡಿದೆ ಎಂದು ಅತ್ತಿಗೆ ಹೇಳುತ್ತಾರೆ. ಹಗಲೂ ಮಲಗುತ್ತಾರೆ.

ಇವತ್ತು ಪ್ರದರ್ಶನದ ಫೋಟೋ ಬಂತು. ಗಾಜಿನ ಪೆಟ್ಟಿಗೆಯಲ್ಲಿ ಆರು ಒಂದು ಸಾಲು, ಕೆಳಗೆ ಚೀಟಿಯಲ್ಲಿ ನನ್ನ ಹೆಸರು, ಒಂದು ಅಕ್ಷರವೂ ತಪ್ಪಿಲ್ಲ. ಏಳನೆಯದು ಸ್ವಲ್ಪ ದೂರ, ಒಂಟಿಯಾಗಿ, ಬೇರೆ ದೀಪದ ಕೆಳಗೆ. ಅದರ ಚೀಟಿಯಲ್ಲಿ ಶರತ್ಚಂದ್ರ ಆಚಾರ್ಯ, ಎಡಗೈ. ಫೋಟೋದಲ್ಲಿರುವ ಜನರೆಲ್ಲ ಆ ದೀಪದ ಹತ್ತಿರ ನಿಂತಿದ್ದಾರೆ. ಆರು ಒಳ್ಳೆಯ ಕೆಲಸವಂತೆ. ಆದರೆ ಆ ಒಂದರಲ್ಲಿರುವುದು ಕಲಿತು ಬರುವುದಲ್ಲ, ಒಬ್ಬ ಹುಟ್ಟಾ ಕಸುಬಿಯ ಕೈ, ಬಲವಾದರೇನು ಎಡವಾದರೇನು ಎಂದು ಅಲ್ಲಿಯ ಪತ್ರಿಕೆಯಲ್ಲಿ ಬರೆದಿದ್ದಾರೆಂದು ವಿಘ್ನೇಶ ಓದಿ ಹೇಳಿದ.

ಫೋಟೋ ಇವರಿಗೆ ತೋರಿಸಬಾರದೆಂದು ಎಣಿಸಿದ್ದೆ. ಅಷ್ಟರಲ್ಲಿ ವಿಘ್ನೇಶನೇ ಇವರ ಫೋನಿಗೂ ಕಳಿಸಿಬಿಟ್ಟಿದ್ದಾನೆ. ನಾನು ಹೋಗುವಾಗ ದಿಂಬಿಗೆ ಒರಗಿ ನೋಡುತ್ತಿದ್ದರು. ಎಡಗೈಯ ಎರಡು ಬೆರಳಿನಿಂದ ಚಿತ್ರ ದೊಡ್ಡದು ಮಾಡಿ, ಚೀಟಿಯನ್ನು ಓದಿ, ಮತ್ತೆ ಪೈಪಿಗೆ ಬಂದರು.

"ದಂಡು ಸ್ವಲ್ಪ ದಪ್ಪ ಆಯ್ತು," ಎಂದರು. "ನಾನು ಆಗಿದ್ರೆ ಇನ್ನು ಅರ್ಧ ನೂಲು ತೆಗೀತಿದ್ದೆ."

"ಅಳತೆ ಸರಿಯೇ ಉಂಟು," ಎಂದೆ.

ಫೋನು ಹೊಟ್ಟೆಯ ಮೇಲೆ ಇಟ್ಟುಕೊಂಡು ಕಣ್ಣು ಮುಚ್ಚಿದರು. ವಿಘ್ನೇಶ ಇನ್ನೊಂದು ವಿಷಯ ಹೇಳಿದ್ದ, ಅದನ್ನೂ ಹೇಳಿದೆ. ಎಡಗೈಯದು ಇನ್ನೂ ಮೂರು ಬೇಕಂತೆ. ಮರ ಅವರೇ ಕಳಿಸುತ್ತಾರಂತೆ.

"ಇನ್ನೊಮ್ಮೆ ಶುರು ಮಾಡ್ತೀರಾ? ಜಗಲಿಯಲ್ಲಿ ಕುರ್ಚಿ ಹಾಕಿಸುತ್ತೇನೆ. ಬೇಡದಿದ್ರೆ ಶೆಡ್ಡಿನಲ್ಲೇ, ಕಿಟಕಿ ಹತ್ತಿರ."

ಕಣ್ಣು ತೆರೆಯಲಿಲ್ಲ. ನಿದ್ದೆ ಬಂತು ಎಂದುಕೊಂಡೆ.

"ಮಾಡಿದವರ ಹತ್ತಿರ ಹೇಳು," ಎಂದರು.

ಹೊರಗೆ ಬಂದು ವಿಘ್ನೇಶನಿಗೆ ನಾನೇ ಒಪ್ಪಿಗೆಯ ಮೆಸೇಜು ಕಳಿಸಿದೆ. ಆರು ತಿಂಗಳ ಸಮಯ ಕೇಳಿದ್ದೇನೆ. ಎಡಗೈಯ ಕೆಲಸ ನಿಧಾನ ಎಂದು ಬರೆದೆ.